ಒಂದು ಲಕ್ಷದ ಏಳು

ಬೆಳಿಗ್ಗೆ ಒಂಬತ್ತು ಗಂಟೆಗೇ ಸಭಾಂಗಣ ತುಂಬಿಹೋಗಿತ್ತು. ವಸತಿ ಕಚೇರಿ ಕಟ್ಟಿಸಿದ್ದು ಎಂಬತ್ತನಾಲ್ಕು ಮನೆ, ಅರ್ಜಿ ಹಾಕಿದವರು ಸಾವಿರದ ಮೂವತ್ತೊಂದು ಜನ. ಕುರ್ಚಿ ಸಿಕ್ಕವರು ಕುರ್ಚಿಯಲ್ಲಿ, ಸಿಗದವರು ಕಿಟಕಿಕಟ್ಟೆಯ ಮೇಲೆ ಕೂತಿದ್ದರು, ಉಳಿದವರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ವೇದಿಕೆಯ ಮೇಲೆ ಒಂದು ಉದ್ದನೆಯ ಮೇಜು, ಕಪ್ಪು ಹಲಗೆ, ಮೈಕು. ಮೇಜಿನ ಒಂದು ಕಡೆ ಕೂಡುವ ಯಂತ್ರದ ಮುಂದೆ ಟೈಪಿಸ್ಟಮ್ಮ, ಇನ್ನೊಂದು ಕಡೆ ದಪ್ಪ ರಿಜಿಸ್ಟರಿನ ಮುಂದೆ ಶೇಷಣ್ಣ. ಮೂರನೇ ಸಾಲಿನ ತುದಿಯಲ್ಲಿ ಶೇಷಣ್ಣನ ಒಡಹುಟ್ಟಿದ ತಂಗಿ ಕೂತಿದ್ದಳು. ಅವಳ ಮುಷ್ಟಿಯಲ್ಲಿದ್ದ ರಸೀದಿಯ ಸಂಖ್ಯೆ 1031, ಎಲ್ಲರಿಗಿಂತ ಕೊನೆಯದು.

ಶೇಷಣ್ಣ ಎಂದು ಹೆಸರಿಟ್ಟವರು ತಂದೆತಾಯಿಯಲ್ಲ, ಕಚೇರಿಯವರು. ಇಪ್ಪತ್ತೆರಡು ವರ್ಷದಿಂದ ಪ್ರತಿ ವರ್ಷ ಇದೇ ವೇದಿಕೆಯಲ್ಲಿ ಕೂತು, ಭಾಗಿಸಿ ಉಳಿದದ್ದನ್ನು ಮೈಕಿನಲ್ಲಿ ಓದಿ ಓದಿ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ಉಳಿದಿದ್ದ. ಅದರ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ, ಬೇಸರವೆಲ್ಲ ಅವನ ಹೆಂಡತಿಯದು. ಬಸ್ಸಿನ ನಂಬರು ಕಂಡರೆ ಅದು ಮೂರರಿಂದ ಭಾಗವಾಗುತ್ತದೆಯೇ, ಏಳರಿಂದ ಭಾಗವಾಗುತ್ತದೆಯೇ ಎಂದು ನೋಡದೆ ಹತ್ತುವವನಲ್ಲ. ಅಷ್ಟು ಹೊತ್ತಿಗೆ ಎಷ್ಟೋ ಸಲ ಬಸ್ಸೇ ಹೋಗಿರುತ್ತಿತ್ತು.

ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮನೆ ಹಂಚುತ್ತಿದ್ದದ್ದು ಚೀಟಿ ಎತ್ತಿ. ಚೀಟಿಯ ಮೂಲೆ ಮಡಚಿದ್ದಾರೆ, ಮೇಣ ಹಚ್ಚಿದ್ದಾರೆ ಎಂದು ಪ್ರತಿ ಸಲವೂ ಜಗಳ. ಒಂದು ಸಲ ಚೀಟಿಯ ಡಬ್ಬವೇ ಕಿಟಕಿಯಿಂದಾಚೆ ಹಾರಿತ್ತು. ಆಗಿನ ಅಧಿಕಾರಿ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಇಪ್ಪತ್ತನಾಲ್ಕು ವರ್ಷದ ಈ ಗುಮಾಸ್ತ ಒಂದು ದಾರಿ ಹೇಳಿದ. ಜನರೆದುರಿಗೇ ಐದು ಅಂಕಿ ಎತ್ತಿಸಿ ಒಂದು ಸಂಖ್ಯೆ ಮಾಡಿಕೊಳ್ಳುವುದು. ಪ್ರತಿಯೊಬ್ಬರ ಅರ್ಜಿಯ ಸಂಖ್ಯೆಯನ್ನು ಅದರಿಂದ ಗುಣಿಸುವುದು. ಬಂದದ್ದನ್ನು ಒಂದು ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಬರೆದುಕೊಳ್ಳುವುದು. ಯಾರ ಶೇಷ ಎಲ್ಲಕ್ಕಿಂತ ಚಿಕ್ಕದೋ ಅವರಿಗೆ ಮೊದಲ ಮನೆ.

ಆ ದೊಡ್ಡ ಸಂಖ್ಯೆ ಮಾತ್ರ ಅವಿಭಾಜ್ಯವಾಗಿರಬೇಕು, ಅಂದರೆ ಒಂದು ಮತ್ತು ತಾನು ಬಿಟ್ಟು ಬೇರೆ ಯಾವುದರಿಂದಲೂ ಅದು ಪೂರ್ತಿ ಭಾಗವಾಗಬಾರದು. ಹಾಗಿದ್ದರೆ ಇಬ್ಬರಿಗೆ ಒಂದೇ ಶೇಷ ಬರುವುದಿಲ್ಲ, ಯಾರಿಗೂ ಸೊನ್ನೆ ಬರುವುದಿಲ್ಲ. ಸೊನ್ನೆ ಬರಬೇಕಾದರೆ ಗುಣಿಸಿ ಬಂದದ್ದರೊಳಗೆ ಆ ದೊಡ್ಡ ಸಂಖ್ಯೆ ಇಡಿಯಾಗಿ ಅಡಗಿರಬೇಕು. ಅದು ತುಂಡಾಗುವಂಥದ್ದಾದರೆ ಒಂದು ತುಂಡು ಅರ್ಜಿಯ ಸಂಖ್ಯೆಯಲ್ಲಿ, ಇನ್ನೊಂದು ತುಂಡು ಎತ್ತಿದ ಸಂಖ್ಯೆಯಲ್ಲಿ ಕದ್ದು ಕೂತಿರಬಹುದು. ತುಂಡೇ ಆಗದ್ದು ಎರಡು ಕಡೆ ಹಂಚಿ ಕೂರುವುದಾದರೂ ಹೇಗೆ? ಇದನ್ನು ಅಧಿಕಾರಿಗೆ ತಿಳಿಸಿ ಹೇಳುವುದಕ್ಕೆ ಶೇಷಣ್ಣನಿಗೆ ಎರಡು ದಿನ ಹಿಡಿದಿತ್ತು, ಎರಡು ಬ್ರೆಡ್ಡು ಖರ್ಚಾಗಿದ್ದವು. ತುಂಡಾಗುವುದು ಎಂದರೇನು ಎಂದು ತೋರಿಸಲು ಅವನು ಚಾಕು ತಂದಿದ್ದ.

ಪೂರ್ವ ವಿಭಾಗದ ಕಚೇರಿಯವರು ಅದೇ ಉಪಾಯವನ್ನು ಎತ್ತಿಕೊಂಡು 1,00,003 ಎಂಬ ಸಂಖ್ಯೆ ಹಿಡಿದರು. ಒಂದೊಂದು ಕಚೇರಿಗೆ ಒಂದೊಂದು ಸಂಖ್ಯೆ ಇರಬೇಕೆಂದು ಮೇಲಿನವರ ಅಪ್ಪಣೆ. ಶೇಷಣ್ಣ ಮೂರು ಭಾನುವಾರ ಕೂತು 1,00,007ನ್ನು ಪರೀಕ್ಷೆ ಮಾಡಿದ. ಒಂದು ಸಂಖ್ಯೆ ಎರಡು ತುಂಡಾದರೆ ಚಿಕ್ಕ ತುಂಡು ಅದರ ವರ್ಗಮೂಲದ ಒಳಗೇ ಇರಬೇಕು. ಲಕ್ಷದ ಏಳಕ್ಕೆ ಆ ಗಡಿ ಮುನ್ನೂರ ಹದಿನಾರು. ಅದರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವನ ಪಟ್ಟಿಯಲ್ಲಿ ಅಂಥವು ಅರವತ್ತನಾಲ್ಕಿದ್ದವು. ಅರವತ್ತನಾಲ್ಕು ಸಲ ಭಾಗಿಸಿದ, ಅರವತ್ತನಾಲ್ಕು ಸಲವೂ ಏನೋ ಒಂದು ಉಳಿಯಿತು. ಆ ಸಂತೋಷದಲ್ಲಿ ನಿಯಮಾವಳಿಗೆ ಒಂಬತ್ತನೆಯ ನಿಯಮವನ್ನು ತಾನೇ ಬರೆದು ಸೇರಿಸಿದ: ಇಬ್ಬರಿಗೆ ಒಂದೇ ಶೇಷ ಬಂದರೆ, ಅಥವಾ ಯಾರಿಗಾದರೂ ಸೊನ್ನೆ ಬಂದರೆ, ಇಡೀ ಹಂಚಿಕೆ ರದ್ದು. ಅದು ಎಂದೂ ಬಳಕೆಗೆ ಬಾರದ ನಿಯಮವೆಂಬ ಹೆಮ್ಮೆಯಿಂದಲೇ ಬರೆದದ್ದು. ಅಂದಿನಿಂದ ಕಚೇರಿಯಲ್ಲಿ ಲಕ್ಷದ ಏಳಕ್ಕೆ ಶೇಷಣ್ಣನ ಎರಡನೇ ಹೆಂಡತಿ ಎಂದು ಹೆಸರು. ಮೊದಲನೆಯವಳಿಗೂ ಇದು ಗೊತ್ತಿತ್ತು. 'ಅವಳ ಮಾತಾದ್ರೂ ಕೇಳ್ತಾರೆ,' ಅನ್ನುತ್ತಿದ್ದಳು.

ತಂಗಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದು ಆರು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದ. ಎರಡು ಕೋಣೆಯ ಮನೆಯಲ್ಲಿ ಏಳು ಜನ. ಅವಳು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಸಂಜೆ ಬಂದರೆ ಬೆರಳೆಲ್ಲ ಕೆಂಪಾಗಿರುತ್ತಿದ್ದವು. ಅತ್ತಿಗೆ ನಾದಿನಿ ಒಂದು ದಿನವೂ ಜಗಳವಾಡಿದವರಲ್ಲ. ಅದೇ ಭಯ ಹುಟ್ಟಿಸುವ ವಿಷಯ. ಇಬ್ಬರೂ ಎಷ್ಟು ನಯವಾಗಿ ಮಾತಾಡುತ್ತಿದ್ದರೆಂದರೆ, ಒಂದು ಲೋಟ ಜಾರಿ ಬಿದ್ದರೂ ಇಬ್ಬರೂ ಒಟ್ಟಿಗೆ 'ನನ್ನದೇ ತಪ್ಪು' ಅನ್ನುತ್ತಿದ್ದರು. ಮಕ್ಕಳು ಜೋರಾಗಿ ನಕ್ಕರೆ ತಂಗಿ ಅವರ ಬಾಯಿ ಮುಚ್ಚುತ್ತಿದ್ದಳು. ಸ್ವಂತ ಅಣ್ಣನ ಮನೆಯಲ್ಲಿ ಹೀಗೆ ಉಸಿರು ಬಿಗಿಹಿಡಿದು ಬದುಕುವವಳನ್ನು ನೋಡುವುದು ಶೇಷಣ್ಣನಿಗೆ ಆಗುತ್ತಿರಲಿಲ್ಲ.

ಅರ್ಜಿ ಹಾಕು ಎಂದರೆ ಅವಳು ಐದು ವರ್ಷ ಒಪ್ಪಿರಲಿಲ್ಲ. 'ಲೆಕ್ಕ ಮಾಡೋನು ನೀನು. ಮನೆ ಬಂದ್ರೆ ಜನ ಏನಂತಾರೆ?' ಎಂಬುದೊಂದೇ ಮಾತು. ನೌಕರರ ಸಂಬಂಧಿಕರು ಸಂಬಂಧವನ್ನು ಮೊದಲೇ ತಿಳಿಸಿ ಅರ್ಜಿ ಹಾಕಬಹುದೆಂಬ ನಿಯಮ ತೋರಿಸಿದರೂ ಅವಳು ಜಗ್ಗಲಿಲ್ಲ. ಈ ಸಲ ಕೊನೆಯ ದಿನ ಅವಳ ಹಿರಿಮಗಳು ಪರೀಕ್ಷೆಗೆ ಓದಲು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂತದ್ದನ್ನು ಕಂಡು ಮನಸ್ಸು ಬದಲಾಯಿಸಿದಳು. ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಲು ಐದು ನಿಮಿಷವಿದ್ದಾಗ ಶೇಷಣ್ಣನೇ ಓಡಿಹೋಗಿ ಅರ್ಜಿ ಕೊಟ್ಟ. ಒಳಗಿದ್ದ ಗುಮಾಸ್ತ ಅದರ ಮೇಲೆ 1031 ಎಂದು ಒತ್ತಿ ಕಿಟಕಿ ಎಳೆದುಕೊಂಡ.

ಹತ್ತು ಗಂಟೆಗೆ ಶೇಷಣ್ಣ ಮೈಕಿನ ಮುಂದೆ ನಿಂತು ಪ್ರತಿ ವರ್ಷದ ಮಾತು ಶುರು ಮಾಡಿದ.

'ಲಕ್ಷದ ಏಳು ಒಡೆಯದ ಸಂಖ್ಯೆ. ಇದಕ್ಕೆ ಶಿಫಾರಸು ತಿಳಿಯಲ್ಲ, ಲಂಚ ತಿಳಿಯಲ್ಲ. ಇದಕ್ಕೆ ಅಣ್ಣ ಇಲ್ಲ, ತಮ್ಮ ಇಲ್ಲ, ಅಕ್ಕ...'

ಬೇರೆ ವರ್ಷ ಇಲ್ಲಿಗೆ ಜನ ನಗುತ್ತಿದ್ದರು. ಈ ವರ್ಷ ತಂಗಿ ಎಂಬ ಮಾತಿಗೆ ಬರುವ ಮೊದಲೇ ಅವನು ನಿಲ್ಲಿಸಿದ. ಮೂರನೇ ಸಾಲಿನಲ್ಲಿ ತಂಗಿ ತಲೆ ತಗ್ಗಿಸಿದಳು. ಅವನು ಒಂದು ಗುಟುಕು ನೀರು ಕುಡಿದು, ಯಾರಿಗೂ ಸೊನ್ನೆ ಬರುವುದಿಲ್ಲ ಎಂಬುದನ್ನಷ್ಟೇ ಹೇಳಿ ಕೂತುಬಿಟ್ಟ.

ಸಭೆಯಿಂದ ಐದು ಜನ ಬಂದು ತಗಡಿನ ಡಬ್ಬದೊಳಗೆ ಕೈಹಾಕಿ ಒಂದೊಂದು ಅಂಕಿಯ ಚೆಂಡು ತೆಗೆದರು, ಪ್ರತಿ ಸಲವೂ ಚೆಂಡನ್ನು ವಾಪಸ್ಸು ಹಾಕಲಾಯಿತು. ನಾಲ್ಕು, ನಾಲ್ಕು, ಒಂದು, ಮೂರು, ಐದು. ಶೇಷಣ್ಣ ಹಲಗೆಯ ಮೇಲೆ 44,135 ಎಂದು ಬರೆದ.

ಇಷ್ಟು ದೊಡ್ಡ ಗುಣಾಕಾರವನ್ನು ಸಾವಿರ ಸಲ ಮಾಡಬೇಕಿಲ್ಲ. ಒಂದನೇ ಅರ್ಜಿಗೆ 44,135. ಅದಕ್ಕೆ ಇನ್ನೊಂದು 44,135 ಕೂಡಿಸಿದರೆ ಎರಡನೆಯದಕ್ಕೆ 88,270. ಮತ್ತೆ ಕೂಡಿಸಿದರೆ ಲಕ್ಷದ ಏಳನ್ನು ದಾಟುತ್ತದೆ, ಆಗ ಲಕ್ಷದ ಏಳನ್ನು ಕಳೆದುಬಿಡುವುದು, ಮೂರನೆಯದಕ್ಕೆ 32,398. ಹೀಗೆ ಕೂಡುವುದು, ದಾಟಿದರೆ ಕಳೆಯುವುದು. ಟೈಪಿಸ್ಟಮ್ಮ ಯಂತ್ರದ ಹಿಡಿ ಎಳೆಯುತ್ತಾಳೆ, ಶೇಷಣ್ಣ ಕೈಯಲ್ಲಿ ಕೂಡುತ್ತಾನೆ, ಎರಡೂ ತಾಳೆಯಾದರೆ ಮೈಕಿನಲ್ಲಿ ಓದುತ್ತಾನೆ. ನೂರು ಅರ್ಜಿಗೊಮ್ಮೆ ಮತ್ತು ಕೊನೆಯ ಅರ್ಜಿಗೆ ಮಾತ್ರ ಎಲ್ಲರೂ ನೋಡುವಂತೆ ಹಲಗೆಯ ಮೇಲೆ ಪೂರ್ತಿ ಗುಣಿಸಿ, ಭಾಗಿಸಿ ತೋರಿಸಬೇಕು.

ಜನರಿಗೂ ಅನುಭವವಿತ್ತು. ಈ ವರ್ಷ ಎಂಟು ಸಾವಿರದೊಳಗೆ ಬಂದರೆ ಮನೆ ಬಂದ ಹಾಗೆ ಎಂದು ಬಾಗಿಲಲ್ಲೇ ಲೆಕ್ಕ ಹಾಕಿಕೊಂಡಿದ್ದರು. ಮೂವತ್ತನಾಲ್ಕನೇ ಅರ್ಜಿಗೆ 485 ಬಂದಾಗ ಮೊದಲ ಸಾಲಿನ ದರ್ಜಿಯ ಬೆನ್ನಿಗೆ ನಾಲ್ಕಾರು ಕೈ ಬಿದ್ದವು. ಒಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದ ಮನುಷ್ಯ. ಅವನು ನಗಲಿಲ್ಲ, ಅಳಲಿಲ್ಲ. ಕತ್ತಿನಲ್ಲಿದ್ದ ಅಳತೆಯ ಪಟ್ಟಿ ತೆಗೆದು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಕೂತ. ಇನ್ನೂರ ಹದಿಮೂರನೇ ಅರ್ಜಿಗೆ ಬರೀ 97 ಬಂತು. ಎರಡೇ ಅಂಕಿಯ ಶೇಷ. ಸಭೆಯಲ್ಲಿ ಗುಸುಗುಸು ಎದ್ದಿತು. ನಾನ್ನೂರ ಇಪ್ಪತ್ತಾರಕ್ಕೆ 194. ಆರುನೂರ ಮೂವತ್ತೊಂಬತ್ತಕ್ಕೆ 291.

ಶೇಷಣ್ಣ 291 ಎಂದು ಓದಿದ. ಅರ್ಜಿಯ ಸಂಖ್ಯೆ ಇಮ್ಮಡಿಯಾದರೆ ಶೇಷವೂ ಇಮ್ಮಡಿ, ಮುಮ್ಮಡಿಯಾದರೆ ಮುಮ್ಮಡಿ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಅವನ ತಲೆ ಸುಮ್ಮನಿರುವ ತಲೆಯಲ್ಲ. 97, 194, 291. ದರ್ಜಿಯ 485 ಅಂದರೆ ತೊಂಬತ್ತೇಳರ ಐದರಷ್ಟು. ದರ್ಜಿಯ ಮೂವತ್ತನಾಲ್ಕಕ್ಕೂ ಇನ್ನೂರ ಹದಿಮೂರಕ್ಕೂ ಏನು ಸಂಬಂಧ?

ಕೈ ಕೂಡುತ್ತಲೇ ಇತ್ತು, ಬಾಯಿ ಓದುತ್ತಲೇ ಇತ್ತು. ಅವನು ಅಂಚಿನಲ್ಲಿ ಪೆನ್ಸಿಲಿನಿಂದ ನೂರನೇ ಅರ್ಜಿಯ 13,192ನ್ನು ತೊಂಬತ್ತೇಳರಿಂದ ಭಾಗಿಸಿದ. 136, ಏನೂ ಉಳಿಯಲಿಲ್ಲ. 44,135ನ್ನು ಭಾಗಿಸಿದ. 455, ಏನೂ ಉಳಿಯಲಿಲ್ಲ. ಕೊನೆಗೆ ಇಪ್ಪತ್ತೆರಡು ವರ್ಷ ಮಾಡದ ಭಾಗಾಕಾರವನ್ನು ಮಾಡಿದ. ನೂರರಲ್ಲಿ ತೊಂಬತ್ತೇಳು ಒಂದು ಸಲ, ಉಳಿದದ್ದು ಮೂರು. ಮೂವತ್ತರಲ್ಲಿ ಹೋಗದು, ಸೊನ್ನೆ. ಮುನ್ನೂರರಲ್ಲಿ ಮೂರು ಸಲ, ಉಳಿದದ್ದು ಒಂಬತ್ತು. ಏಳನ್ನು ಇಳಿಸಿದರೆ ತೊಂಬತ್ತೇಳು. ಒಂದು ಸಲ.

ಸಾವಿರದ ಮೂವತ್ತೊಂದು. ಏನೂ ಉಳಿಯಲಿಲ್ಲ.

ಲಕ್ಷದ ಏಳು ಒಡೆದಿತ್ತು. ಅದರ ಒಂದು ತುಂಡು ತೊಂಬತ್ತೇಳು, ಈ ದಿನ ಎತ್ತಿದ ಸಂಖ್ಯೆಯೊಳಗೆ ಕೂತಿತ್ತು. ಇನ್ನೊಂದು ತುಂಡು ಮೂರನೇ ಸಾಲಿನ ತುದಿಯಲ್ಲಿ ತಂಗಿಯ ಮುಷ್ಟಿಯೊಳಗಿತ್ತು. ಎರಡೂ ಸೇರುವುದು ಕೊನೆಯ ಅರ್ಜಿಯಲ್ಲಿ, ಸೇರಿದರೆ ಬರುವುದು ಸೊನ್ನೆ. ಸೊನ್ನೆಗಿಂತ ಚಿಕ್ಕ ಶೇಷವಿಲ್ಲ.

'ಶೇಷಣ್ಣ, ಆರುನೂರ ನಲವತ್ತೊಂದು ಓದ್ಲಿಲ್ಲ ನೀವು,' ಎಂದಳು ಟೈಪಿಸ್ಟಮ್ಮ. ಅವನು ಓದಿದ.

ನಿಲ್ಲಿಸಬೇಕಿತ್ತು. ಅಲ್ಲೇ ಪೆನ್ನು ಕೆಳಗಿಟ್ಟು ಏಳಬೇಕಿತ್ತು. ಅವನು ಏಳಲಿಲ್ಲ. ಶೇಷಣ್ಣ ಕೆಟ್ಟವನಲ್ಲ, ಆದರೆ ಮುಂದಿನ ಒಂದೂವರೆ ಗಂಟೆ ಅವನನ್ನು ಒಳ್ಳೆಯವನೆಂದು ಕರೆಯುವುದೂ ಕಷ್ಟ. ಅರ್ಜಿ ಸಾವಿರದ ಮೂವತ್ತೊಂದಕ್ಕೇ ನಿಂತಿದ್ದರಿಂದ ಇಬ್ಬರಿಗೆ ಒಂದೇ ಶೇಷ ಬರುವುದಿಲ್ಲವೆಂದು ಅವನು ಆಗಲೇ ಲೆಕ್ಕ ಹಾಕಿದ್ದ. ತಂಗಿಯ ಹಿಂದೆ ಇನ್ನೊಬ್ಬರು ಬಂದಿದ್ದರೆ ಅವರ ಶೇಷವೂ ಒಂದನೇ ಅರ್ಜಿಯವರದೂ ಒಂದೇ ಆಗಿ ಗುಟ್ಟು ಬಯಲಾಗುತ್ತಿತ್ತು. ಯಾರೂ ಬಂದಿರಲಿಲ್ಲ. ಉಳಿದದ್ದು ಸೊನ್ನೆಯೊಂದೇ. ಅಧಿಕಾರಿ ಮೇಡಂ ಈ ವರ್ಷ ಹೊಸಬರು, ಒಂಬತ್ತನೆಯ ನಿಯಮ ಅವರಿಗೆ ಬಾಯಿಪಾಠವಿಲ್ಲ. ಯಾರಾದರೂ ಕೇಳಿದರೆ ಹೇಳಲು ಅವನೊಳಗೆ ಒಂದು ಮಾತು ತಾನಾಗಿ ತಯಾರಾಯಿತು: ಲಕ್ಷಕ್ಕೊಂದು ಸಲ ಹೀಗೂ ಆಗುತ್ತೆ. ನಗುತ್ತಾ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಹೇಳಿದ್ದನ್ನು ಇಪ್ಪತ್ತೆರಡು ವರ್ಷದಿಂದ ಯಾರೂ ಪ್ರಶ್ನಿಸಿಲ್ಲ.

ಏಳುನೂರಾಯಿತು. ಎಂಟುನೂರಾಯಿತು. ಹಲಗೆಯ ಮೇಲೆ ಗುಣಿಸಿದ, ಭಾಗಿಸಿದ, ಒರೆಸಿದ. ಎಂಟುನೂರ ಐವತ್ತೆರಡಕ್ಕೆ 388 ಬಂದಾಗ ಒಬ್ಬ ಮುದುಕ ಎದ್ದು ನಿಂತು ಯಾರಿಗೋ ಕೈಮುಗಿದ. ಪಂಖ ತಿರುಗುತ್ತಿದ್ದರೂ ಶೇಷಣ್ಣನ ಅಂಗಿ ಕುರ್ಚಿಗೆ ಅಂಟಿಕೊಂಡಿತ್ತು. ನಾಚಿಕೆಗೆಟ್ಟ ಮನಸ್ಸು ಆಗಲೇ ಹೊಸ ಮನೆಯೊಳಗೆ ಓಡಾಡುತ್ತಿತ್ತು. ಪಟ್ಟಿಯಲ್ಲಿ ಮೊದಲು ಬಂದವರಿಗೆ ಇಷ್ಟವಾದ ಮನೆ ಆರಿಸಿಕೊಳ್ಳುವ ಹಕ್ಕು. ನಕ್ಷೆಗಳನ್ನು ಇಲಾಖೆಗೆ ಕಳಿಸಿದವನು ಅವನೇ, ಎಂಬತ್ತನಾಲ್ಕೂ ಮನೆ ಅವನ ಕಣ್ಣಮುಂದಿದ್ದವು. ಯಾವ ಕೋಣೆ ಹುಡುಗಿಯರಿಗೆ, ಮೇಜು ಯಾವ ಗೋಡೆಗೆ, ಒಗೆದ ಬಟ್ಟೆ ಎಲ್ಲಿ ಹರವಬಹುದು ಎಂದೆಲ್ಲ ಅವನು ಜೋಡಿಸಿದ. ಒಂದು ಕಡೆ ಅಂಕಿ ಕೂಡುತ್ತಾ ಇನ್ನೊಂದು ಕಡೆ ಮಂಚ ಎಳೆದಾಡುತ್ತಿದ್ದ. ಆ ಮನೆಯಲ್ಲಿ ತಂಗಿ ಜೋರಾಗಿ ಮಾತಾಡುತ್ತಿದ್ದಳು, ಮಕ್ಕಳನ್ನು ಬಾಯಿತುಂಬ ಬೈಯುತ್ತಿದ್ದಳು.

ಸಾವಿರ. ಹಲಗೆಯ ಮೇಲೆ 31,913. ಚಾಕ್ ಮುರಿಯಿತು.

'ಊಟಕ್ಕೆ ಬಿಡೋಣ್ವಾ?' ಎಂದು ಮೇಡಂ ಹಿಂದಿನಿಂದ ಕೇಳಿದರು. 'ಮೂವತ್ತೊಂದೇ ಇದೆ ಮೇಡಂ, ಮುಗಿಸಿಬಿಡ್ತೀನಿ,' ಎಂದ ಶೇಷಣ್ಣ. ಮುಗಿಸಿಬಿಡುವ ಆತುರ ತನಗೇಕೆ ಎಂದು ಅವನಿಗೇ ತಿಳಿಯಲಿಲ್ಲ.

ಸಾವಿರದ ಮೂವತ್ತಕ್ಕೆ 55,872. ಟೈಪಿಸ್ಟಮ್ಮ 44,135 ಒತ್ತಿ ಹಿಡಿ ಎಳೆದಳು. ಕಾಗದದ ಸುರುಳಿಯ ಮೇಲೆ 1,00,007 ಎಂದು ಬಂತು. ಅವಳು ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿ, ಲಕ್ಷದ ಏಳನ್ನು ಕಳೆದು, ಮತ್ತೆ ಹಿಡಿ ಎಳೆದಳು.

'ಸೊನ್ನೆ,' ಎಂದಳು. 'ಶೇಷಣ್ಣ, ನಿಮ್ಮ ತಂಗಿಗೆ ಸೊನ್ನೆ ಬಂತು.'

ಮೈಕು ಹತ್ತಿರವಿತ್ತು. ಇಡೀ ಸಭಾಂಗಣಕ್ಕೆ ಕೇಳಿಸಿತು. ಆಮೇಲೆ ಹಿಂದಿನಿಂದ ಯಾರೋ 'ಸೊನ್ನೆ ಅಂದ್ರೆ ಮೊದಲನೇ ಮನೆ,' ಎಂದರು, ತಂಗಿಯ ಪಕ್ಕದ ಹೆಂಗಸು ಅವಳ ಭುಜ ಹಿಡಿದು ಅಲುಗಾಡಿಸಿದಳು. ತಂಗಿ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಕೆಂಪು ಬೆರಳುಗಳನ್ನು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದಳು. ಶೇಷಣ್ಣ ಅಷ್ಟು ನೋಡಿ ಮುಖ ತಿರುಗಿಸಿದ.

ಕೊನೆಯ ಅರ್ಜಿಗೆ ಹಲಗೆಯ ಮೇಲೆ ತೋರಿಸಬೇಕು. ಅವನು 44,135ನ್ನು 1031ರಿಂದ ಗುಣಿಸಿದ: 4,55,03,185. ಲಕ್ಷದ ಏಳರಿಂದ ಭಾಗಿಸಿದ: 455. ಶೇಷ ಸೊನ್ನೆ. ತಯಾರಾಗಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಹಲಗೆಗೆ ಮುಖ ಮಾಡಿಯೇ ನಿಂತಿದ್ದ, ಕೈ ಕೆಳಗಿಳಿಯಲಿಲ್ಲ. ಸೊನ್ನೆಯ ಕೆಳಗೆ ಇನ್ನೊಂದು ಸಾಲು ಬರೆಯಿತು: 97 × 1031 = 1,00,007. ಯಾಕೆ ಬರೆದಿರಿ ಎಂದು ಸಂಜೆ ಹೆಂಡತಿ ಕೇಳಿದ್ದಕ್ಕೆ ಅವನಿಗೆ ಹೇಳಲು ಸಿಕ್ಕಿದ್ದು ಇಷ್ಟೇ, 'ಚಾಕ್ ಕೈಯಲ್ಲೇ ಇತ್ತು.'

ಅವನು ಮೈಕಿನ ಹತ್ತಿರ ಬಂದ. 'ಸೊನ್ನೆ ಬರಬಾರದು,' ಎಂದ. 'ಬಂದಿದೆ ಅಂದ್ರೆ ಲಕ್ಷದ ಏಳು ಒಡೆಯೋ ಸಂಖ್ಯೆ. ತೊಂಬತ್ತೇಳರಿಂದ ಒಡೆಯುತ್ತೆ. ನಾನು ತಪ್ಪು ಮಾಡಿದೀನಿ. ಒಂಬತ್ತನೇ ನಿಯಮದ ಪ್ರಕಾರ ಇವತ್ತಿನದು ಪೂರ್ತಿ ರದ್ದು.'

ಮೇಡಂ ನಿಯಮಾವಳಿ ತರಿಸಿ ಓದಿದರು, ಎರಡು ಸಲ ಓದಿದರು, ಆಮೇಲೆ ಹೌದೆಂದು ತಲೆಯಾಡಿಸಿದರು. ಗದ್ದಲ ಮುಗಿಲಿಗೇರಿತು. ಆ ಗದ್ದಲದಲ್ಲಿ ಮೊದಲ ಸಾಲಿನಿಂದ ದರ್ಜಿ ಎದ್ದು ವೇದಿಕೆಯ ಅಂಚಿಗೆ ಬಂದು ನಿಂತ. ಅವನು ಕೂಗಾಡಲಿಲ್ಲ.

'ಕೊನೇದೊಂದು ತೆಗೆದುಹಾಕಿ,' ಎಂದ. 'ನನ್ನ ನಾನ್ನೂರ ಎಂಬತ್ತೈದು ಏನು ತಪ್ಪು ಮಾಡಿತ್ತು?'

'ನಿಮ್ಮದು ತಪ್ಪಲ್ಲ. ನಾನು ಹಿಡಿದ ಸಂಖ್ಯೆ ತಪ್ಪು.'

'ಒಂಬತ್ತು ವರ್ಷ ಆಯ್ತು ಸ್ವಾಮಿ.'

'ಗೊತ್ತು,' ಎಂದ ಶೇಷಣ್ಣ.

'ಹಾಗಾದ್ರೆ ಇಪ್ಪತ್ತೆರಡು ವರ್ಷ ಕೊಟ್ಟ ಮನೆಗಳು?' ಎಂದು ಕಿಟಕಿಯ ಕಡೆಯಿಂದ ಒಬ್ಬ ಕೂಗಿದ. ಹಿಂದೆಂದೂ ಅರ್ಜಿ ಸಾವಿರ ದಾಟಿರಲಿಲ್ಲ, ಒಂದು ಸಲವೂ ಸೊನ್ನೆ ಬಂದಿಲ್ಲ, ಒಂದೇ ಶೇಷ ಇಬ್ಬರಿಗೆ ಬಂದಿಲ್ಲ, ರಿಜಿಸ್ಟರುಗಳೆಲ್ಲ ಇವೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಶೇಷಣ್ಣ ಹೇಳಿದ. ನಾಳೆ ಇದೇ ಹೊತ್ತಿಗೆ, ಈ ಸಲಕ್ಕೆ ಮಾತ್ರ ಪೂರ್ವ ವಿಭಾಗದವರ 1,00,003 ಹಿಡಿದು ಹೊಸದಾಗಿ ಹಂಚಿಕೆ ಎಂದು ಮೇಡಂ ಘೋಷಿಸಿದರು. 'ಅದು ಒಡೆಯಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?' ಎಂದ ದರ್ಜಿ. ಪೂರ್ವದವರು ಅದನ್ನು ಪರೀಕ್ಷೆ ಮಾಡಿದ್ದರು, ಶೇಷಣ್ಣನೂ ಆಗ ತನ್ನ ಪಟ್ಟಿ ಹಿಡಿದು ನೋಡಿದ್ದ. ಅವನು ತನ್ನ ಪಟ್ಟಿಯಲ್ಲಿ ಬಿಟ್ಟುಹೋದ ತೊಂಬತ್ತೇಳರಿಂದ ಅದನ್ನು ಅಲ್ಲೇ ಹಲಗೆಯ ಮೇಲೆ ಭಾಗಿಸಿದ. ಸಭೆಯೆಲ್ಲ ಒಂದೊಂದೇ ಅಂಕಿ ಅವನೊಂದಿಗೆ ಇಳಿಸಿತು. ತೊಂಬತ್ತಮೂರು ಉಳಿಯಿತು. ದರ್ಜಿ ಹೊರಗೆ ಹೋದ.

ಜನ ಚದುರಿದ ಮೇಲೆ ಶೇಷಣ್ಣ ಕಚೇರಿಯ ಬೀರು ತೆರೆದು ಇಪ್ಪತ್ತೆರಡು ವರ್ಷದ ಹಿಂದಿನ ನೋಟುಬುಕ್ಕು ತೆಗೆದ. ಒಂದರಿಂದ ಮುನ್ನೂರ ಹದಿನಾರರವರೆಗೆ ಬರೆದುಕೊಂಡು, ಎರಡರಿಂದ ಹೋಗುವುದನ್ನೆಲ್ಲ ಕಪ್ಪು ಪೆನ್ಸಿಲಿನಲ್ಲಿ, ಮೂರರಿಂದ ಹೋಗುವುದನ್ನು ಕೆಂಪಿನಲ್ಲಿ, ಏಳರಿಂದ ಹೋಗುವುದನ್ನು ಹಸಿರಿನಲ್ಲಿ ಹೊಡೆದುಹಾಕಿದ್ದ. ಎಪ್ಪತ್ತೇಳು, ಎಂಬತ್ತನಾಲ್ಕು, ತೊಂಬತ್ತೊಂದು. ಆಮೇಲೆ ತೊಂಬತ್ತೆಂಟು ಬರಬೇಕು. ಅದಕ್ಕೆ ಆಗಲೇ ಕಪ್ಪು ಗೆರೆ ಬಿದ್ದಿದ್ದರಿಂದ ಕಣ್ಣು ಜಾರಿ ಹಸಿರು ಗೆರೆ ಪಕ್ಕದ ತೊಂಬತ್ತೇಳರ ಮೇಲೆ ಬಿದ್ದಿತ್ತು. ಹೀಗಾಗಿ ಅರವತ್ತೈದು ಇರಬೇಕಾದ ಪಟ್ಟಿಯಲ್ಲಿ ಅರವತ್ತನಾಲ್ಕೇ ಉಳಿದಿದ್ದವು. ಮೇಡಂ ಅದನ್ನು ನೋಡಿ, 'ಒಂದು ಗೆರೆ,' ಎಂದಷ್ಟೇ ಅಂದರು. ನಾಳೆ ಶೇಷ ಓದಲು ಪೂರ್ವ ವಿಭಾಗದ ಗುಮಾಸ್ತನನ್ನು ಕರೆಸಿದ್ದೇನೆ ಎಂಬುದನ್ನು ಅವರು ನೆಲ ನೋಡುತ್ತಾ ಹೇಳಿದರು.

ಮನೆಯಲ್ಲಿ ಆ ರಾತ್ರಿ ಎಲ್ಲರೂ ಊಟಕ್ಕೆ ಕೂತರು. ಶೇಷಣ್ಣನ ಹೆಂಡತಿ ನಾದಿನಿಯ ತಟ್ಟೆಗೆ ತಾನೇ ಬಡಿಸಿದಳು. ತಂಗಿ ಎಂದಿನಂತೆ 'ಸಾಕು ಅತ್ತಿಗೆ' ಎಂದಳು.

ಮಾರನೆಯ ದಿನ ಶೇಷಣ್ಣ ಮೊದಲ ಸಲ ಸಭೆಯ ಕುರ್ಚಿಯಲ್ಲಿ, ಮೂರನೇ ಸಾಲಿನಲ್ಲಿ ತಂಗಿಯ ಪಕ್ಕ ಕೂತ. ವೇದಿಕೆಯ ಮೇಲೆ ಬೇರೊಬ್ಬ ಕೂತು ಓದುತ್ತಿದ್ದ. ಎತ್ತಿದ ಸಂಖ್ಯೆ 70,286. ದರ್ಜಿಗೆ 89,655 ಬಂತು. ಅವನು ಅದನ್ನು ಕೇಳಿಸಿಕೊಂಡು ಎದ್ದು, ಜನರನ್ನು ದಾಟಿಕೊಂಡು, ಶೇಷಣ್ಣನ ಕಡೆ ತಿರುಗಿಯೂ ನೋಡದೆ ಹೋದ. ಶೇಷಣ್ಣನಿಗೆ ಯಾರಾದರೂ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಸಾವಿರದ ಮೂವತ್ತೊಂದನೇ ಅರ್ಜಿಗೆ 62,694 ಬಂತು. ಎಂಟು ಸಾವಿರದ ಗಡಿಯಿಂದ ಅದು ಎಷ್ಟು ದೂರವೆಂದು ಇಬ್ಬರೂ ಲೆಕ್ಕ ಹಾಕಲಿಲ್ಲ.

ಮನೆಗೆ ನಡೆದೇ ಹೊರಟರು. ಸೈಕಲ್ ರಿಪೇರಿಯ ಅಂಗಡಿ, ಔಷಧಿ ಅಂಗಡಿ, ನೀರಿನ ಟ್ಯಾಂಕು ದಾಟಿದರು. ಬಿಸಿಲು ಇನ್ನೂ ಇತ್ತು. ತಂಗಿ ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಶೇಷಣ್ಣ ಕಾಯುತ್ತಿದ್ದ. ಅವಳು ರಸ್ತೆ ನೋಡಿಕೊಂಡು ನಡೆಯುತ್ತಿದ್ದಳು.

'ನಿನ್ನೆ ನಿನಗೆ ಯಾವಾಗ ಗೊತ್ತಾಯ್ತು?' ಎಂದು ಕೇಳಿದಳು.

'ಆರುನೂರ ನಲವತ್ತರ ಹತ್ತಿರ.'

'ಅಂದ್ರೆ ನನ್ನದು ಬರೋಕ್ಕಿಂತ ಎಷ್ಟು ಮುಂಚೆ?'

'ಒಂದೂವರೆ ಗಂಟೆ.' ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

'ಸುಮ್ಮನೆ ಇದ್ಬಿಡೋಣ ಅನ್ನಿಸ್ತಾ?'

'ಅನ್ನಿಸ್ತು.'

'ಮೊದಲು ಬಂದೋರು ಮನೆ ಆರಿಸ್ಕೋಬಹುದಂತೆ.'

'ಹೌದು.'

'ನೀನು ಯಾವುದು ಆರಿಸಿದ್ದೆ?'

ಶೇಷಣ್ಣ ನಿಂತುಬಿಟ್ಟ. ಇವಳಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯವಾಗಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು.

'ಎರಡನೇ ಮಹಡಿ,' ಎಂದ. 'ಮೂಲೆ ಮನೆ. ಅಡುಗೆಮನೆಗೆ ಎರಡು ಕಿಟಕಿ ಇದೆ. ಒಳಗಿನ ಕೋಣೆ ಮಕ್ಕಳಿಗೆ ಅಂತ... ಮೇಜು ಹಾಕೋಕೆ ಜಾಗ ಇತ್ತು.'

ತಂಗಿ ತಲೆಯಾಡಿಸಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಎಂದಿನಂತೆ ಮೆಲ್ಲಗಿತ್ತು.

'ನೀನು ಮಾಡಿದ್ದು ಸರಿ ಅಣ್ಣ. ಆದ್ರೆ ಗೊತ್ತಾದ ತಕ್ಷಣ ನನಗೂ ಒಂದು ಸನ್ನೆ ಮಾಡ್ಬೇಕಿತ್ತು,' ಎಂದಳು. 'ಒಂದೂವರೆ ಗಂಟೆ ನಾನೂ ಆ ಮನೇಲಿ ಇದ್ದು ಬರ್ತಿದ್ದೆ.'